ಒಲೆ ಇಲ್ಲದ ಗಾಡಿ

ಮದುವೆಯಾದಂದಿನಿಂದ ನನ್ನವರು ನನ್ನನ್ನು ಕೇಳದೆ ಒಂದು ಕರವಸ್ತ್ರ ಕೊಂಡವರಲ್ಲ. ಅಂಥವರು ಕಳೆದ ವರ್ಷ ಒಂದು ಭಾನುವಾರ, ನಾನು ದೋಸೆ ಹೊಯ್ಯುತ್ತಿದ್ದಾಗ, ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತು, "ಸುಮಿತ್ರಾ, ನಿನಗೊಂದು ಹೊಸ ಅಡುಗೆಮನೆ ಮಾಡಿಸ್ತಾ ಇದ್ದೇನೆ" ಎಂದರು. ನನ್ನ ಕಣ್ಣಲ್ಲಿ ನೀರೇ ಬಂತು. (ನಮ್ಮ ಕಾಕ್ಕನಾಡಿನ ಫ್ಲ್ಯಾಟಿನಲ್ಲಿ ಫ್ರಿಜ್ಜಿನ ಬಾಗಿಲು ತೆರೆಯಬೇಕಾದರೆ ನಾನು ಅಡುಗೆಮನೆಯಿಂದ ಹೊರಗೆ ಬರಬೇಕು.) ಆಮೇಲೆ ಅವರು, "ಅದಕ್ಕೆ ಚಕ್ರ ಉಂಟು" ಎಂದರು. ಕಣ್ಣೀರು ಅಲ್ಲೇ ಇಂಗಿತು.

ನಿವೃತ್ತಿ ಹತ್ತಿರ ಬಂದಾಗ ಕೆಲವರಿಗೆ ಕಾಶಿ ನೆನಪಾಗುತ್ತದೆ, ಕೆಲವರಿಗೆ ಸಕ್ಕರೆ ಕಾಯಿಲೆ ಪತ್ತೆಯಾಗುತ್ತದೆ. ಕೇಂದ್ರ ಸರಕಾರದ ಕಚೇರಿಯಲ್ಲಿ ಜೀವ ಸವೆಸಿದ ನನ್ನ ಗಂಡ ಕೃಷ್ಣಾನಂದರಿಗೆ ಮೊಬೈಲಿನಲ್ಲಿ ಒಂದು ವಿಡಿಯೋ ಸಿಕ್ಕಿತು. ಅದರಲ್ಲಿ ಯಾರೋ ಗಂಡ ಹೆಂಡತಿ ತಮ್ಮ ಕಾರಿನ ಹಿಂದೆ ಒಂದು ಪುಟ್ಟ ಮನೆಯನ್ನೇ ಕಟ್ಟಿ ಎಳೆದುಕೊಂಡು ಊರೂರು ಸುತ್ತುತ್ತಿದ್ದರು. ಅದಕ್ಕೆ ಕ್ಯಾರವಾನ್ ಎನ್ನುತ್ತಾರಂತೆ. ಹೆಂಡತಿ ನಗುನಗುತ್ತಾ ಅದರೊಳಗೆ ಏನೋ ಹುರಿಯುತ್ತಿದ್ದಳು. ನನ್ನವರ ಕಣ್ಣು ಬಿದ್ದದ್ದು ಆ ನಗುವಿನ ಮೇಲೆ. ನನ್ನ ಕಣ್ಣು ಬಿದ್ದದ್ದು ಬಾಣಲೆಯ ಮೇಲೆ.

ಪಾಲಾರಿವಟ್ಟದ ಒಬ್ಬ ಸಜೀವನ್ ಇಂಥ ಗಾಡಿ ಕಟ್ಟಿಕೊಡುತ್ತಾರೆಂದು ಇವರು ಆಗಲೇ ವಿಚಾರಿಸಿಯೂ ಆಗಿತ್ತು. ಉಳಿದೆಲ್ಲ ನಿಶ್ಚಯವಾಗಿದೆ, ಅಡುಗೆಮನೆಯ ವಿನ್ಯಾಸ ಮಾತ್ರ ಬಾಕಿ, ಅದು ನಿನ್ನ ಇಲಾಖೆ, ನೀನೇ ಆರಿಸು ಎಂದು ನನಗೆ ಬಿಟ್ಟುಕೊಟ್ಟರು. ಎಂಥ ಔದಾರ್ಯ ನೋಡಿ. ಕುರಿಯನ್ನು ಕರೆದು, ಯಾವ ಮಸಾಲೆ ಬೇಕಮ್ಮಾ ಎಂದು ಕೇಳಿದ ಹಾಗೆ.

ಮುಂದಿನ ಭಾನುವಾರ ಹಾಲಿನ ಕುರ್ಚಿಗಳನ್ನೆಲ್ಲ ಸರಿಸಿ, ನನ್ನದೇ ರಂಗೋಲಿ ಪುಡಿಯಲ್ಲಿ ನೆಲದ ಮೇಲೆ ಇಡೀ ಗಾಡಿಯ ನಕ್ಷೆ ಬರೆದರು. ಇಲ್ಲಿ ಹಾಸಿಗೆ, ಇಲ್ಲಿ ಬಚ್ಚಲು, ಇಲ್ಲಿ ಊಟದ ಮೇಜು. ಮಗಳು ಸಮೀಕ್ಷಾ ಲ್ಯಾಪ್‌ಟಾಪಿನ ಸಮೇತ ಹಾಸಿಗೆಯ ಚೌಕದಲ್ಲಿ ಅಡ್ಡಾದಳು. ಇವರು ಮೇಜಿನ ಚೌಕದಲ್ಲಿ ಚಕ್ಕಳಮಕ್ಕಳ ಹಾಕಿದರು. ನನ್ನನ್ನು ಸೌಟಿನೊಂದಿಗೆ ಹಿಂದಿನ ಮೂಲೆಯಲ್ಲಿ ಪ್ರತಿಷ್ಠಾಪಿಸಲಾಯಿತು.

"ಇದು ಮೊದಲನೇ ನಮೂನೆ. ಹಿಂಭಾಗ ಪೂರ್ತಿ ಅಡುಗೆಮನೆ, ಮೂರು ಕಡೆ ಕಟ್ಟೆ. ಈಗ ದೋಸೆ ಹೊಯ್ಯಿ" ಎಂದರು.

"ಕಾವಲಿ ಎಲ್ಲಿ?"

"ಉಂಟು ಅಂತ ಗ್ರಹಿಸಿಕೊ ಮಾರಾಯ್ತಿ."

"ಹಿಟ್ಟು?"

"ಅದೂ ಉಂಟು ಅಂತ ಗ್ರಹಿಸಿಕೊ."

"ಹಾಗಾದ್ರೆ ನೀವು ತಿಂದಾಯ್ತು ಅಂತ ಗ್ರಹಿಸಿಕೊಂಡು ಎದ್ದು ಕೈ ತೊಳೀರಿ."

ಎರಡನೆಯ ನಮೂನೆಯಲ್ಲಿ ಅಡುಗೆಮನೆ ಉದ್ದಕ್ಕೆ ಓಣಿಯ ಹಾಗೆ. ಹಾಸಿಗೆಯಿಂದ ಬಚ್ಚಲಿಗೆ ಹೋಗುವವರೆಲ್ಲ ನನ್ನ ಬೆನ್ನು ಉಜ್ಜಿಕೊಂಡೇ ಹೋಗಬೇಕು. ಸಮೀಕ್ಷಾ ಎದ್ದು ಒಮ್ಮೆ ಹೋಗಿ ಬಂದು, "ಕೊಳ್ಳಾಂ ಅಮ್ಮಾ" ಎಂದು ಮಲಯಾಳದಲ್ಲಿ ಪ್ರಮಾಣಪತ್ರ ಕೊಟ್ಟಳು, ಚೆನ್ನಾಗಿದೆಯಂತೆ. ಮೂರನೆಯದು ಇನ್ನೂ ಆಧುನಿಕ. ಅದರಲ್ಲಿ ಒಲೆ, ಸಿಂಕು ಎಲ್ಲ ಗಾಡಿಯ ಹಿಂದೆ ಮೇಜಿನ ಖಾನೆಯ ಹಾಗೆ ಹೊರಕ್ಕೆ ಎಳೆದುಕೊಳ್ಳುತ್ತದೆ. ಅಂದರೆ ಅವರಿಬ್ಬರೂ ಒಳಗೆ ತಣ್ಣಗೆ ಕೂತಿರುವುದು, ನಾನು ರಸ್ತೆಯಲ್ಲಿ ನಿಂತು ಹೋಗುವ ಬಸ್ಸುಗಳ ಎದುರು ಸಾಸಿವೆ ಸಿಡಿಸುವುದು.

ಆಗ ನನಗೆ ಹೊಳೆಯಿತು. ಮೂರು ನಮೂನೆಗಳಲ್ಲೂ ಮಲಗುವವಳಿಗೆ ಚೌಕ ಇದೆ, ತಿನ್ನುವವರಿಗೆ ಚೌಕ ಇದೆ, ಸ್ನಾನಕ್ಕೆ ಚೌಕ ಇದೆ. ಸೌಟು ಕೆಳಗಿಟ್ಟು ಕೇಳಿದೆ:

"ಇದರಲ್ಲಿ ನಾನು ಕೂತ್ಕೊಳ್ಳುದೆಲ್ಲಿ?"

ಇವರು ನಕ್ಷೆಯನ್ನು ಆ ಕಡೆಯಿಂದ ಈ ಕಡೆಗೆ ನೋಡಿದರು. ಮಗಳೂ ಲ್ಯಾಪ್‌ಟಾಪಿನಿಂದ ತಲೆ ಎತ್ತಿದಳು.

"ಅಡುಗೆ ಮುಗಿದ ಮೇಲೆ ಎಲ್ಲಿಯಾದ್ರೂ ಕೂತ್ಕೊಳ್ಬಹುದಲ್ಲ" ಎಂದರು ಇವರು.

"ಅಡುಗೆ ಮುಗಿಯುದು ಯಾವಾಗ? ಮದುವೆಯಾದ ಲಾಗಾಯ್ತು ಕಾಯ್ತಾ ಇದ್ದೇನೆ."

ಅದೇ ಕ್ಷಣ ನಾನು ನನ್ನ ಐತಿಹಾಸಿಕ ಘೋಷಣೆ ಮಾಡಿದೆ. ಗಾಡಿಯಲ್ಲಿ ಅಡುಗೆಮನೆಯೇ ಬೇಡ. ಹಿಂದೆಯೂ ಬೇಡ, ಬದಿಯಲ್ಲೂ ಬೇಡ, ರಸ್ತೆಯಲ್ಲೂ ಬೇಡ. ಆ ಜಾಗದಲ್ಲಿ ದೊಡ್ಡ ಕಿಟಕಿಗೆ ತಾಗಿ ಒಂದು ದಿವಾನ ಹಾಕಬೇಕು. ಕನ್ಯಾಕುಮಾರಿಯಲ್ಲಿ ಆ ಕಿಟಕಿಯನ್ನು ಸಮುದ್ರಕ್ಕೆ ತಿರುಗಿಸಿ ಗಾಡಿ ನಿಲ್ಲಿಸಬೇಕು. ನಾನು ಅದರ ಮೇಲೆ ಕಾಲು ಚಾಚಿ ಕೂತು, ಬೇರೆ ಯಾರೋ ಮಾಡಿದ ಕಾಫಿ ಕುಡಿಯುತ್ತಾ ಸೂರ್ಯ ಹುಟ್ಟುವುದನ್ನು ನೋಡಬೇಕು. (ನಗಬೇಡಿ. ನಾನು ಸೂರ್ಯೋದಯ ನೋಡಿದವಳೇ ಅಲ್ಲ. ಆ ಹೊತ್ತಿಗೆ ನಾನು ಹಾಲು ಉಕ್ಕೀತೆಂದು ಪಾತ್ರೆ ನೋಡುತ್ತಿರುತ್ತೇನೆ.)

ಪಾಲಾರಿವಟ್ಟದಲ್ಲಿ ಸಜೀವನ್ ಕೇಳಿದರು, "ಚೇಚಿ, ಕಿಚ್ಚನ್ ಇಲ್ಲಾತೆ ಎಂತ್ ಕ್ಯಾರವಾನ್?" ಅಡುಗೆಮನೆ ಇಲ್ಲದೆ ಎಂಥ ಕ್ಯಾರವಾನ್ ಅಕ್ಕಾ ಎಂದು ಅವರಿಗೆ ಸಂಕಟ. ನನ್ನವರು ಮೆಲ್ಲನೆ, ಒಂದು ಚಿಕ್ಕ ಒಲೆಯಾದರೂ ಇರಲಿ ಎಂದರು. ನಾನು ಬೇಡವೆಂದೆ. ಹಾಗಾದರೆ ಕೆಟ್ಲ್ ಇಡಲು ಒಂದು ಪ್ಲಗ್ಗು ಎಂದರು. ಅದಕ್ಕೂ ಬಿಡಲಿಲ್ಲ. ಒಂಟೆ ಡೇರೆಯೊಳಗೆ ಮೊದಲು ಮೂಗು ತೂರಿಸುವುದು ಹೀಗೆಯೇ. ಇವತ್ತು ಕೆಟ್ಲ್ ಬಂದರೆ ನಾಳೆ ಕುಕ್ಕರ್ ಬರುತ್ತದೆ, ನಾಡಿದ್ದು ಇವರ ಕಚೇರಿಯವರು ಊಟಕ್ಕೆ ಬರುತ್ತಾರೆ. ಇಡೀ ಗಾಡಿಯಲ್ಲಿ ಒಂದು ಚಮಚ ಬಿಸಿ ಮಾಡಲೂ ಸಾಧ್ಯವಾಗದಂತೆ ನೋಡಿಕೊಂಡೇ ನಾನು ಅಲ್ಲಿಂದ ಹೊರಟದ್ದು.

ಗಾಡಿ ತಯಾರಾಗಿ ನಾವು ಹೊರಟ ಆ ದಿನವನ್ನು ನಾನು ಮರೆಯುವುದಿಲ್ಲ. ಕೊಲ್ಲಂನಲ್ಲಿ ಕಾಯಲು ಎನ್ನುವ ಹಿನ್ನೀರಿನ ಬದಿಯಲ್ಲಿ ನಿಲ್ಲಿಸಿದಾಗ ನಾನು ಕಾರಿನಿಂದಿಳಿದು ಹಿಂದಿನ ಗಾಡಿಗೆ ಹತ್ತಿ ದಿವಾನವನ್ನು ಅಲಂಕರಿಸಿದೆ. ಇವರು ಬಾಳೆಲೆಯಲ್ಲಿ ಕಟ್ಟಿಸಿದ ಪುಟ್ಟು, ಕಡಲೆ ತಂದು ಕೈಗೆ ಕೊಟ್ಟರು. "ಎಂತಾದ್ರೂ ಬೇಕಾ ಇನ್ನು?" ಎಂದು ಬೇರೆ ಕೇಳಿದರು. ಗಂಡನ ಬಾಯಿಂದ ಆ ಮಾತು ಕೇಳಿದ ಖುಷಿಗೆ ಇನ್ನೊಂದು ಪುಟ್ಟು ತರಿಸಿಕೊಂಡೆ. ನನಗೆ ತುಂಬ ಸಂತೋಷವಾಗಿತ್ತು, ಸುಳ್ಳು ಯಾಕೆ ಹೇಳಲಿ.

ತಿರುವನಂತಪುರದಲ್ಲಿ ಎರಡು ರಾತ್ರಿ ಉಳಿದು ಕನ್ಯಾಕುಮಾರಿಗೆ ಹೋಗುವುದೆಂದು ಮಾತಾಗಿತ್ತು. ಗಾಡಿ ನಿಲ್ಲಿಸಲು ಜಾಗ ಹುಡುಕುವ ಪ್ರಶ್ನೆಯೇ ಇಲ್ಲ, ಉಳ್ಳೂರಿನಲ್ಲಿ ಇವರ ಅಕ್ಕ ಚಂದ್ರಮ್ಮ ಅತ್ತಿಗೆಯ ಮನೆ ಇದೆ. ನಮ್ಮ ಕಾಸರಗೋಡಿನವರು ಮಂಚ, ಬಚ್ಚಲು, ಛಾವಣಿ ಎಲ್ಲವನ್ನೂ ಕಾರಿನ ಹಿಂದೆ ಕಟ್ಟಿಕೊಂಡು ಹೋದರೂ ಉಳಿಯುವುದು ನೆಂಟರ ಮನೆಯಲ್ಲೇ. ಇಲ್ಲದಿದ್ದರೆ ಅವರು ಬೇಸರ ಮಾಡಿಕೊಳ್ಳುತ್ತಾರೆ. ನಾನೂ ತಕರಾರು ಮಾಡಲಿಲ್ಲ. ಅತ್ತಿಗೆಯ ಕೈಯಡುಗೆ ಎಂದರೆ ಬಾಯಲ್ಲಿ ನೀರೂರುತ್ತದೆ. ಎರಡು ದಿನ ಕೂತು ತಿನ್ನಬಹುದು ಎಂದುಕೊಂಡೆ.

ಆ ಮನೆ ಮೆಡಿಕಲ್ ಕಾಲೇಜಿಗೆ ತೀರಾ ಹತ್ತಿರ ಎಂಬುದನ್ನು ಮಾತ್ರ ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಊರಿನಿಂದ ಯಾರು ಚಿಕಿತ್ಸೆಗೆ ಬಂದರೂ ಇಳಿಯುವುದು ಅತ್ತಿಗೆಯ ಮನೆಯಲ್ಲೇ. ಅವರ ಗಂಡ ರತ್ನಾಕರ ಭಾವ ಸೆಕ್ರೆಟರಿಯೇಟಿನಲ್ಲಿದ್ದವರು, ಯಾರಿಗೂ ಇಲ್ಲ ಎಂದವರಲ್ಲ. (ಅಕ್ಕಿ ತೊಳೆಯುವುದು ಅವರಲ್ಲವಲ್ಲ.) ನಾವು ಹೋದಾಗಲೂ ಭಾವನ ಕಡೆಯ ಮಹೇಶ್ವರ ಮಾವ ಹೃದಯದ ಕಾಯಿಲೆಯಲ್ಲಿ ಆಸ್ಪತ್ರೆ ಸೇರಿದ್ದರು. ಅವರ ಸೊಸೆ ನಿರ್ಮಲ ಅಲ್ಲಿ ಕೂತಿದ್ದಳು. ಮನೆಯ ಚಾವಡಿಯಲ್ಲಿ ಇನ್ನೂ ನಾಲ್ಕೈದು ಜನ ಎಕ್ಸ್‌ರೇ ಹಿಡಿದುಕೊಂಡು ಊಟಕ್ಕೆ ಕಾಯುತ್ತಿದ್ದರು.

ಅತ್ತಿಗೆ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ಗಾಡಿಯ ಒಳಗೆಲ್ಲ ನೋಡಿದರು.

"ಇದರಲ್ಲಿ ಅಡುಗೆ ಮಾಡುದೆಲ್ಲಿ?"

ನನಗೆ ಅಷ್ಟು ಸಾಕಾಯಿತು. "ಅಡುಗೆಮನೆಯೇ ಇಲ್ಲ ಅತ್ತಿಗೆ" ಎಂದು ಶುರು ಮಾಡಿ ದೊಡ್ಡ ಭಾಷಣವನ್ನೇ ಬಿಗಿದೆ. ಹೆಂಗಸಿಗೂ ಕೂತುಕೊಳ್ಳಲು ಒಂದು ಜಾಗ ಬೇಕು, ನಾವು ಎದ್ದು ಹೋದರೆ ಯಾರೂ ಉಪವಾಸ ಸಾಯುವುದಿಲ್ಲ, ಹೇಗಾದರೂ ಬೇಯಿಸಿಕೊಳ್ಳುತ್ತಾರೆ, ನಾವಾಗಿ ಹೊರಗೆ ಬರುವವರೆಗೆ ನಮ್ಮನ್ನು ಯಾರೂ ಕರೆಯುವುದಿಲ್ಲ ಎಂದೆಲ್ಲ ಹೇಳಿದೆ. ಅತ್ತಿಗೆ ದಿವಾನದ ದಿಂಬನ್ನು ಒತ್ತಿ ನೋಡಿ ಮನೆಯೊಳಗೆ ಹೋದರು.

ಆಗಲೇ ನಾನು ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಸುಮ್ಮನಿರಲಾರದವರು ಮೈಮೇಲೆ ಇರುವೆ ಬಿಟ್ಟುಕೊಂಡರಂತೆ. ಅಡುಗೆಮನೆಯ ಬಾಗಿಲಿಗೆ ಹೋಗಿ, "ಎಂತಾದ್ರೂ ಮಾಡ್ಲಿಕ್ಕುಂಟಾ ಅತ್ತಿಗೆ?" ಎಂದೆ.

ಇದು ಪ್ರಶ್ನೆಯಲ್ಲ ಎಂಬುದು ನಮ್ಮ ಕಡೆಯ ಹಸುಗೂಸಿಗೂ ಗೊತ್ತು. ನೆಂಟರ ಮನೆಗೆ ಹೋದ ಹೆಂಗಸು ಇದನ್ನು ಕೇಳಲೇಬೇಕು, ಅದೊಂದು ಶಾಸ್ತ್ರ. ಮನೆಯವಳು, "ಎಂಥದೂ ಇಲ್ಲ, ನೀನು ಕೂತ್ಕೊ" ಎನ್ನಬೇಕು. ಇವಳು, ಕಾಯಿಯಾದರೂ ತುರಿಯುತ್ತೇನೆ ಎನ್ನಬೇಕು. ಅವಳು ಬೇಡ ಬೇಡ ಎನ್ನಬೇಕು. ಕೊನೆಗೆ ಇವಳು ನಾಲ್ಕು ಅಲಸಂಡೆ ಮುರಿದು ಹಾಕಿದರೆ ಎರಡು ಕಡೆಯ ಮರ್ಯಾದೆಯೂ ಉಳಿಯುತ್ತದೆ. ತಲತಲಾಂತರದಿಂದ ಹೀಗೆಯೇ ನಡೆದು ಬಂದಿದೆ.

ಅತ್ತಿಗೆ, "ಉಂಟು" ಎಂದರು.

ಕೈಯಲ್ಲಿದ್ದ ಸೌಟನ್ನು ನನ್ನ ಕೈಗಿಟ್ಟು ಅಧಿಕಾರ ಹಸ್ತಾಂತರಿಸಿದರು. "ಮಹೇಶ್ವರ ಮಾವನ ಗಂಜಿಗೆ ಉಪ್ಪು ಹಾಕ್ಬೇಡ. ಚಾವಡಿಯಲ್ಲಿ ಕೂತವರಿಗೆ ಹಾಕು. ಭಾವನಿಗೆ ಹುಳಿ ಆಗುದಿಲ್ಲ. ನಿರ್ಮಲಳಿಗೆ ಬುತ್ತಿ ಕಟ್ಟಿ ಆಸ್ಪತ್ರೆಗೆ ಕಳಿಸ್ಬೇಕು. ನಾನು ಸ್ವಲ್ಪ ಸೊಂಟ ಚಾಚಿ ಬರ್ತೇನೆ."

ಹಿಂಬಾಗಿಲಿನಿಂದ ಅಂಗಳಕ್ಕೆ ಇಳಿದು ಗಾಡಿ ಹತ್ತಿ, ಒಳಗಿನಿಂದ ಚಿಲಕ ಹಾಕಿಕೊಂಡರು. ಸಂಜೆಯವರೆಗೂ ಆ ಚಿಲಕ ತೆರೆಯಲಿಲ್ಲ. ನಾನು ಹೋಗಿ ತಟ್ಟಿದಾಗ ಕಿಟಕಿ ಒಂದಿಷ್ಟು ಸರಿಯಿತು.

"ನೀನು ಹೇಳಿದ್ದು ನೂರಕ್ಕೆ ನೂರು ಸರಿ ಸುಮಿತ್ರಾ. ಇಲ್ಲಿಗೆ ಯಾರೂ ಕರೀಲಿಕ್ಕೆ ಬರುದಿಲ್ಲ. ಒಂದು ಗ್ಲಾಸು ಕಾಫಿ ತಾ, ಸಕ್ಕರೆ ಕಡಿಮೆ."

ಸಿಟ್ಟು ನೆತ್ತಿಗೇರಿತು. ಆದರೆ ದಿವಾನದ ಮೇಲೆ ಚಾಚಿದ್ದ ಅವರ ಕಾಲುಗಳನ್ನು ನೋಡಿದೆ. ಪಾದಗಳು ಊದಿಕೊಂಡಿದ್ದವು. ಅದನ್ನು ಈ ಮನೆಯಲ್ಲಿ ಎಂದೂ ಯಾರೂ ನೋಡಿರಲಾರರು, ಯಾಕೆಂದರೆ ಅವರು ಕೂತದ್ದನ್ನೇ ಯಾರೂ ನೋಡಿಲ್ಲ. ಅಯ್ಯೋ ಅನ್ನಿಸಿತು. ಕಾಫಿ ಕೊಟ್ಟೆ. ಸಕ್ಕರೆಯನ್ನು ಮಾತ್ರ ಬೇಕೆಂದೇ ಹೆಚ್ಚು ಹಾಕಿದೆ. ನಾನೂ ಮನುಷ್ಯಳೇ.

ನನ್ನವರು ಪಾತ್ರೆ ತೊಳೆಯುವಲ್ಲಿಗೆ ಬಂದು ಸಾಂತ್ವನ ಹೇಳಿದರು. "ಗಾಡಿಯಲ್ಲಿ ಒಂದು ಒಲೆ ಇರ್ತಿದ್ರೆ ನೀನು ಮೂರು ಜನಕ್ಕೆ ಬೇಯಿಸಿ ಮುಗಿಸ್ಬಹುದಿತ್ತು."

"ನಾನು ಸೋತಿದ್ದೇನೆ ಅಂತ ಎಣಿಸ್ಬೇಡಿ. ಗಾಡಿಗೆ ಒಲೆ ಬೇಡ. ಈಗಲೂ ಬೇಡ, ಸತ್ತರೂ ಬೇಡ" ಎಂದೆ. ಕೈಯಲ್ಲಿ ಗಂಜಿಯ ಪಾತ್ರೆ ಇದ್ದರೂ ಸ್ವರ ಗಟ್ಟಿಯಾಗಿಯೇ ಇತ್ತು.

ಹೊರಡುವ ದಿನ ಬಂತು. ಹಿಂದಿನ ದಿನವೇ ಮಹೇಶ್ವರ ಮಾವನನ್ನು ಆಸ್ಪತ್ರೆಯಿಂದ ಬಿಟ್ಟಿದ್ದರು, ಮತ್ತೆ ಡಾಕ್ಟರಿಗೆ ತೋರಿಸುವವರೆಗೆ ಅವರೂ ನಿರ್ಮಲಳೂ ಇಲ್ಲೇ. ನಾನು ಬೆಳಿಗ್ಗೆ ಎಲ್ಲರಿಗೂ ಬಡಿಸಿ, ಸೌಟು ತೊಳೆದಿಟ್ಟು, ಹೊಸ ಸೀರೆ ಉಟ್ಟು, ಕುಂಕುಮ ಇಡಿಸಿಕೊಂಡು ಅತ್ತಿಗೆಯ ಎದುರು ನಿಂತೆ. ಹೊರಡುವವರು ಹೇಳಬೇಕಾದ ಮಾತೊಂದಿದೆಯಲ್ಲ, ಅದು ತಾನಾಗಿ ಬಾಯಿಂದ ಬಂತು.

"ನೀವೂ ಬನ್ನಿ ಅತ್ತಿಗೆ, ನಮ್ಮೊಟ್ಟಿಗೆ."

ಇದಕ್ಕೆ, "ಬರುವ, ಇನ್ನೊಮ್ಮೆ" ಎನ್ನುವುದು ಕ್ರಮ. ಅತ್ತಿಗೆ ಬಾಗಿಲ ಹಿಂದಿನಿಂದ ಒಂದು ಬ್ಯಾಗು ತೆಗೆದರು. ಅದು ತುಂಬಿತ್ತು.

"ಇಷ್ಟು ವರ್ಷ ಇಲ್ಲೇ ಇದ್ದು ಅಕ್ಕ ಕನ್ಯಾಕುಮಾರಿ ನೋಡಿಲ್ಲವಂತೆ ಮಾರಾಯ್ತಿ" ಎಂದರು ನನ್ನವರು, ತಾವೂ ಈಗಷ್ಟೇ ಕೇಳಿದವರಂತೆ.

"ಅಡಿಪೊಳಿ" ಎಂದು ಸಮೀಕ್ಷಾ ಕುಣಿದಳು. ಮಲಯಾಳಿ ಮಕ್ಕಳಿಗೆ ಪರಮಾನಂದವಾದರೆ ಹೇಳುವ ಮಾತು ಅದು.

"ಆದ್ರೆ ಮಾವನ ಗಂಜಿ?" ಎಂದೆ ನಾನು. ಹೇಗೂ ಯಾರಾದರೂ ಬೇಯಿಸಿಕೊಳ್ಳುತ್ತಾರೆಂದು ಭಾಷಣ ಬಿಗಿದವಳೂ ನಾನೇ.

ರತ್ನಾಕರ ಭಾವ ಪತ್ರಿಕೆಯಿಂದ ತಲೆ ಎತ್ತಿದರು. "ಅದಕ್ಕೆಂತ ಚಿಂತೆ? ನೀನು ಇದ್ದೀಯಲ್ಲ" ಎಂದು ಮತ್ತೆ ಪತ್ರಿಕೆಯೊಳಗೆ ಹೋದರು.

ನೀವೇ ಹೇಳಿ, ಏನು ಮಾಡುವುದು? ಹೃದಯದ ಕಾಯಿಲೆಯ ಮುದುಕರು ಒಳಗೆ ಮಲಗಿದ್ದರು. ಅತ್ತಿಗೆ ಆಗಲೇ ಚಪ್ಪಲಿ ಮೆಟ್ಟಿದ್ದರು, ಅವರ ಮುಖದಲ್ಲಿ ಸಣ್ಣ ಹುಡುಗಿಯ ಸಡಗರವಿತ್ತು. ಕಾರಿನಲ್ಲಿ ನನ್ನ ಸೀಟಿನಲ್ಲಿ ಅವರು ಕೂತರು. ಹಿಂದೆ ನನ್ನ ಕಿಟಕಿ, ನನ್ನ ದಿವಾನ, ನನ್ನ ಸೂರ್ಯೋದಯ ಎಲ್ಲ ಗೇಟು ದಾಟಿ ಹೋದವು. ನಾನು ಅಳಲಿಲ್ಲ. ಹೊಸ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಬಂದೆ.

ಒಂದು ನಿರ್ಧಾರವಂತೂ ಮಾಡಿದೆ. ಇನ್ನು ಮೇಲೆ ಈ ದಾಕ್ಷಿಣ್ಯದ ಮಾತುಗಳೆಲ್ಲ ಬಂದ್. ಬೇಕೆಂದರೆ ಬೇಕು, ಬೇಡವೆಂದರೆ ಬೇಡ. ಉಂಟೆಂದರೆ ಉಂಟು. ನನ್ನನ್ನು ಇನ್ನು ಯಾರೂ ಮಾತಿನಲ್ಲಿ ಕಟ್ಟಿಹಾಕುವ ಹಾಗಿಲ್ಲ ಎಂದು ಮೂರು ತೆಂಗಿನಕಾಯಿಗಳ ಎದುರು ಶಪಥ ಮಾಡುತ್ತಿದ್ದಾಗ, ಬಾಗಿಲಲ್ಲಿ ನಿರ್ಮಲ ಕಾಣಿಸಿಕೊಂಡಳು. ಎಳೆಯ ವಯಸ್ಸು, ಗಟ್ಟಿಮುಟ್ಟಾದ ತೋಳು. ಮಾವ ನಿದ್ದೆ ಹೋಗಿದ್ದರಿಂದ ಕೈ ಖಾಲಿಯಾಗಿ ನಿಂತಿದ್ದಳು.

"ಎಂತಾದ್ರೂ ಮಾಡ್ಲಿಕ್ಕುಂಟಾ ಅಕ್ಕಾ?" ಎಂದಳು.

ನಾನು ಎದೆ ತುಂಬ ಉಸಿರೆಳೆದು, ಬಾಯಿ ತೆರೆದು, "ಎಂಥದೂ ಇಲ್ಲ, ನೀನು ಕೂತ್ಕೊ" ಎಂದೆ.

ಅವಳು ಕೂತಳು.