ಡಮ್ರೋಂಗನ ಗಿಡಕ್ಕೆ ದೇವಿ ಬಂದದ್ದು

ತಪ್ಪೆಲ್ಲ ಆ ವಾಸನೆಯದು. ಲಂಪಾಂಗ್ ಊರಿನ ಆ ಗಲ್ಲಿಯಲ್ಲಿ ಒಂದೇ ಒಂದು ಕಿತ್ತಳೆ ಗಿಡವಿಲ್ಲ. ಆದರೂ ಬೆಳಿಗ್ಗೆ ಊದುಬತ್ತಿ ಹಚ್ಚುತ್ತಿದ್ದ ಲಮ್ಯಾಯ್ ದೊಡ್ಡಮ್ಮನ ಮೂಗಿಗೆ ಆಗತಾನೇ ಸುಲಿದ ಕಿತ್ತಳೆಯ ಘಮ ಬಡಿಯಿತು. ದೇವಿಯೇ ಬಂದಳೆಂದುಕೊಂಡು, ಮೂಗು ತೋರಿದ ದಾರಿಯಲ್ಲೇ ನಡೆದು ಪಕ್ಕದ ಮನೆಯ ಹಿತ್ತಿಲಿಗೆ ನುಗ್ಗಿದಳು.

ಡಮ್ರೋಂಗ್ ಕತ್ತರಿ ಹಿಡಿದು ಹೊರಬರುವಷ್ಟರಲ್ಲಿ ಅವನ ಗಾಂಜಾ ಗಿಡ ಮೂರು ಬಣ್ಣದ ಬಟ್ಟೆ ಸುತ್ತಿಕೊಂಡು ಮದುಮಗಳಂತೆ ನಿಂತಿತ್ತು. ಬುಡದಲ್ಲಿ ನೈವೇದ್ಯಕ್ಕೆ ಕೆಂಪು ಸೋಡಾ, ಕುಡಿಯಲೊಂದು ಸ್ಟ್ರಾ. ಲಾಟರಿ ಅಂಕಿ ಮೂಡಲೆಂದು ದೊಡ್ಡಮ್ಮ ಕಾಂಡಕ್ಕೆ ಮಕ್ಕಳ ಪೌಡರು ತಿಕ್ಕುತ್ತಿದ್ದಳು.

ಮನೆಯಲ್ಲಿ ಬೆಳೆಯಬಹುದೆಂದು ಸರಕಾರ ಬಿಟ್ಟ ವರ್ಷವೇ ಹಾಕಿದ ಗಿಡ. ತೆಳು ಎಲೆಯ, ಆಳೆತ್ತರ ಮೀರುವ, ಹೂ ಮಾಗಿದರೆ ಕಿತ್ತಳೆಯಂತೆ ಘಮಿಸುವ ತಳಿ. ಹೂ ಮಾಗಲು ಮೂರು ತಿಂಗಳು ಸತಾಯಿಸಿತ್ತು. ಗಾಂಜಾ ಅಂಗಡಿಯ ಸುರಪೋನ್ ಯಜಮಾನ, ಇವತ್ತು ಸಂಜೆಯೊಳಗೆ ಹೂ ತಂದು ತೋರಿಸು, ಚೆನ್ನಾಗಿದ್ದರೆ ನನ್ನ ತೋಟದ ಕೆಲಸ ನಿನ್ನದು ಎಂದಿದ್ದ. ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟವನನ್ನು ನಾಯಿಯೂ ಮೂಸದ ಊರಲ್ಲಿ ಹಾಗೆ ಅಂದವನು ಅವನೊಬ್ಬನೇ.

"ದೊಡ್ಡಮ್ಮ, ಇದು ಗಾಂಜಾ. ದೇವರಲ್ಲ."

"ದೇವಿ ಯಾವ ಗಿಡದಲ್ಲಿ ಇರ್ಬೇಕು ಅಂತ ನಿನ್ನ ಕೇಳ್ಬೇಕೇನೋ? ನೋಡಿಲ್ಲಿ, 68."

ಪೌಡರಿನಲ್ಲಿ ಏನೋ ಗೀಟು ಕಂಡದ್ದು ನಿಜ. ಅವತ್ತೇ ಮಧ್ಯಾಹ್ನ ಲಾಟರಿ ಡ್ರಾ. ಒಂಬತ್ತು ಗಂಟೆಗೆ ಇಡೀ ಗಲ್ಲಿ ಬೆಲ್ಲಕ್ಕೆ ಇರುವೆ ಮುತ್ತಿದಂತೆ ಮುತ್ತಿತ್ತು. ಒಬ್ಬ ಹೂವಿಗೂ ಪೌಡರು ಎರಚಿದ. ಡಮ್ರೋಂಗ್ ಕತ್ತರಿ ಎತ್ತಿದಾಗ, ಕಡಿದರೆ ಗಲ್ಲಿಗೇ ಲಕ್ವ ಹೊಡೆಯುತ್ತದೆಂದು ಕ್ಷೌರಿಕ ಅದನ್ನು ಕಿತ್ತುಕೊಂಡ. ಕತ್ತರಿ ಹಿಡಿದು ಬದುಕುವವನೇ ಹೀಗಂದರೆ ಯಾರಿಗೆ ಹೇಳುವುದು?

ಮಧ್ಯಾಹ್ನ ರೇಡಿಯೋ ಹೇಳಿದ ಅಂಕಿ 89. ಗಲ್ಲಿ ಸಾವಿನ ಮನೆಯಾಯಿತು. ಜನ ಒಬ್ಬೊಬ್ಬರಾಗಿ ಕರಗಿದರು. ನಕ್ಕವನು ಡಮ್ರೋಂಗ್ ಒಬ್ಬನೇ. ಕತ್ತರಿ ವಾಪಸು ತಂದು ಹೂವಿಗೆ ಕೈ ಹಾಕಿದ.

ಅಷ್ಟರಲ್ಲಿ ದೊಡ್ಡಮ್ಮ ಬಗ್ಗಿ, ಕಾಲುಗಳ ನಡುವಿನಿಂದ ಕಾಂಡ ನೋಡಿದಳು.

"ಗಿಡ ಬೆಳೆಯೋದು ಕೆಳಗಿಂದ ಮೇಲಕ್ಕೆ," ಅಂದಳು ಮೆಲ್ಲಗೆ. "ನಾವು ಮೇಲಿಂದ ಓದಿದ್ವಿ. 68 ತಲೆಕೆಳಗು ಮಾಡಿ ನೋಡ್ರೋ."

ಹೋದವರ ಎರಡರಷ್ಟು ಜನ ಬಂದರು. ಪೌಡರು ಮತ್ತೆ ಹಾರಿತು. ಹೂವೆಲ್ಲ ಬಿಳಿ, ಕಿತ್ತಳೆಯ ಘಮ ಹೋಗಿ ಹಸುಗೂಸಿನ ವಾಸನೆ.

ಸಂಜೆ, ಇವನು ಬರಲಿಲ್ಲವೆಂದು ಸುರಪೋನ್ ಯಜಮಾನನೇ ಬಂದ. ಡಮ್ರೋಂಗ್ ಅಳುಬುರುಕನಂತೆ ಎಲ್ಲ ಹೇಳಿದ. ಯಜಮಾನ ಮೂಢರೆಂದು ಬೈದು ಜನರನ್ನು ಸರಿಸಿದ, ಮಾಗಿದ್ದನ್ನು ಪರೀಕ್ಷಿಸುವ ಪುಟ್ಟ ಮಸೂರ ತೆಗೆದು, ಒಂದು ಹೂವಿನ ಪೌಡರು ಊದಿ ನೋಡಿದ.

"ಚೆನ್ನಾಗಿ ಬೆಳೆಸಿದ್ದೀಯ ಕಣೋ."

ಡಮ್ರೋಂಗನಿಗೆ ಜೀವ ಬಂತು. ಆದರೆ ಮಸೂರ ಹೂವಿನಿಂದ ಇಳಿಯಿತು. ಕಾಂಡದ ಗುಂಟ ಇಳಿದು ಒಂದು ಕಡೆ ನಿಂತಿತು. ಯಜಮಾನ ನಿಧಾನಕ್ಕೆ ಮಂಡಿಯೂರಿದ, ತಲೆ ಕೆಳಗು ಮಾಡಿ ನೋಡಿದ.

"ಇದು ಮೂರೋ, ಐದೋ? ಲೋ, ಆ ಕತ್ತರಿ ಆಚೆಗೆ ಎಸಿ, ಸ್ವಲ್ಪ ಪೌಡರ್ ತಾ."

"ಯಜಮಾನ್ರೇ, ನನ್ನ ಕೆಲಸ?"

"ಮುಂದಿನ ಡ್ರಾದಲ್ಲಿ ಇದು ಹೊಡೆದ್ರೆ ತೋಟಾನೇ ಮಾರ್ಬಿಡ್ತೀನಿ. ಆಮೇಲೆ ಯಾವ ಕೆಲಸ, ಹುಚ್ಚಪ್ಪ?"