ಮೋಡೆಮಿನ ನಂದಾದೀಪ

ನನ್ನ ಮುತ್ತಜ್ಜ ಬಟ್ಯ ಪೈವಳಿಕೆಯ ಮುರಕಲ್ಲಿನ ಗುಡ್ಡಕ್ಕೆ ನೂರ ಎಂಬತ್ತು ಕೋಲು ಸುರಂಗ ಕೊರೆದು ನೀರು ತಂದವನು. ಬಾವಿಯ ಹಾಗೆ ಕೆಳಕ್ಕಲ್ಲ, ಗುಡ್ಡದ ಹೊಟ್ಟೆಗೆ ಅಡ್ಡಲಾಗಿ, ಒಬ್ಬನೇ ಬಗ್ಗಿಕೊಂಡು, ಒಂದೇ ಪಿಕ್ಕಾಸಿನಲ್ಲಿ! ಅವನ ಮಗ, ನನ್ನ ಅಜ್ಜ ಮುದ್ದಣ್ಣ, ಸುರಂಗದ ಗೋಡೆಗೆ ಕಿವಿಯಿಟ್ಟು "ಇನ್ನು ನಾಲ್ಕು ಕೋಲಿಗೆ ನೀರು" ಎಂದರೆ ಐದನೆಯ ಕೋಲು ಕೊರೆಯಬೇಕಾದ ಪ್ರಸಂಗ ಬರಲಿಲ್ಲ. ನನ್ನ ಅಪ್ಪ ಐತಪ್ಪ ಆ ನೀರನ್ನು ಅಡಿಕೆ ಮರದ ದಂಬೆಯಲ್ಲಿ ಮೂರು ಗದ್ದೆ ದಾಟಿಸಿ ಅಡುಗೆಮನೆಯ ಬಾಗಿಲಿಗೇ ತಲುಪಿಸಿದವರು.

ಅಂಥವರ ವಂಶದ ಕುಡಿ ನಾನು, ಹೊನ್ನಯ್ಯ. ಶಾಲೆಗೆ ಹೋದದ್ದು ನಾಲ್ಕನೆಯ ತರಗತಿಯ ತನಕ. ಉಳಿದದ್ದೆಲ್ಲ ಸ್ವಯಾರ್ಜಿತ! ರೇಡಿಯೋ ಬಿಚ್ಚಿ ಕಲಿತೆ, ಪಂಪುಸೆಟ್ಟು ಬಿಚ್ಚಿ ಕಲಿತೆ, ಮಿಕ್ಸಿ ಬಿಚ್ಚಿದಾಗ ಮಾತ್ರ ಮೂರು ಸ್ಕ್ರೂ ಉಳಿದವು. ಅವು ಕಂಪೆನಿಯವರು ಸುಮ್ಮನೆ ಹಾಕಿದ್ದು ಎಂದು ಇವತ್ತಿಗೂ ನನ್ನ ವಾದ.

ನಮ್ಮ ಮನೆತನದಲ್ಲಿ ತಲೆಯಿಂದ ತಲೆಗೆ ಬಂದ ಒಂದು ವೇದವಾಕ್ಯ ಉಂಟು. ಸುರಂಗದೊಳಗೆ ದೀಪ ಉರಿಯುತ್ತಿದ್ದರೆ ಎಲ್ಲ ಕ್ಷೇಮ. ದೀಪ ಆರಿತೋ, ಒಳಗೆ ಗಾಳಿ ಮುಗಿಯಿತೆಂದು ಅರ್ಥ. ಪಿಕ್ಕಾಸು ಎಸೆದು ಹೊರಗೆ ಓಡಬೇಕು! ಈ ಮಾತನ್ನು ನಂಬಿಯೇ ನಾವು ನಾಲ್ಕು ತಲೆಮಾರು ಬದುಕಿದ್ದು. ಈ ಮಾತನ್ನು ನಂಬಿಯೇ ನಾನು ಮೊನ್ನೆ ಮಗಳ ಬದುಕಿಗೆ ಕಲ್ಲು ಹಾಕಲು ಹೊರಟದ್ದು.

ಎರಡು ವಾರದ ಹಿಂದೆ ಮಗಳು ದೀಕ್ಷಿತಾ ಓಡಿ ಬಂದು, "ಅಪ್ಪ, ಪಿಎಸ್‌ಸಿಯವರು ಕನ್ನಡ ಶಾಲೆಗೆ ಟೀಚರ್ ಪೋಸ್ಟ್ ಕರೆದಿದ್ದಾರೆ! ನಾಳೆಯೇ ಪೇಟೆಯ ಅಕ್ಷಯ ಸೆಂಟರಿಗೆ ಹೋಗಿ ಅಲ್ಲಿನ ಕಂಪ್ಯೂಟರಿನಲ್ಲಿ ಅರ್ಜಿ ಹಾಕಿ ಬರ್ತೇನೆ" ಎಂದಳು. ಟೀಚರ್ ಕೋರ್ಸು ಮುಗಿಸಿ ಐದು ವರ್ಷದಿಂದ ಈ ಕರೆಗೇ ಕಾದು ಕುಳಿತವಳು ಅವಳು. ಇದು ತಪ್ಪಿದರೆ ಮತ್ತೆ ಯಾವಾಗ ಕರೆಯುತ್ತಾರೆಂದು ದೇವರಿಗೇ ಗೊತ್ತು.

ಆದರೆ 'ಅಕ್ಷಯ' ಎಂಬ ಮಾತು ಕಿವಿಗೆ ಬಿದ್ದದ್ದೇ ನನ್ನ ಮೀಸೆ ತಾನಾಗಿ ಎದ್ದು ನಿಂತಿತು.

"ಅಕ್ಷಯಕ್ಕಾ? ಅರ್ಜಿ ಹಾಕಲಿಕ್ಕೆ ಬಟ್ಯಜ್ಜನ ವಂಶದವಳು ಕ್ಯೂ ನಿಲ್ಲುವುದಾ? ಮನೆಗೆ ಟಿವಿ ಕೇಬಲಿನಲ್ಲೇ ನೆಟ್ ಬರುತ್ತದೆ. ನಾನು ವೈಫೈ ಮಾಡಿಕೊಡುತ್ತೇನೆ. ನೀನು ಚಾವಡಿಯಲ್ಲಿ ಕಾಲು ನೀಡಿ ಕೂತು ಅರ್ಜಿ ಹಾಕು!"

"ನೆಟ್ ಬಂದರೆ ಆಯಿತಾ? ಕಂಪ್ಯೂಟರ್ ಎಲ್ಲುಂಟು? ನೀವು ಬಿಚ್ಚಿ ಹಾಕಿದ್ದೀರಲ್ಲ!"

ಅದು ಅರ್ಧಸತ್ಯ. ಆ ನೆಟ್ಟಿಗೆ ಸಿಕ್ಕಿಸಿದ್ದ ಹಳೆಯ ಕಂಪ್ಯೂಟರು ತೆವಳುತ್ತಿತ್ತು. ಚುರುಕು ಮಾಡಲು ತಿಂಗಳ ಹಿಂದೆ ಬಿಚ್ಚಿದೆ. ಆಮೇಲೆ ಅದು ತೆವಳುವುದನ್ನೂ ನಿಲ್ಲಿಸಿತು. ಹಾಗೆಂದು ಬಿಸಾಡಿದೆನೆ? ಅದರ ಫ್ಯಾನು ಈಗ ಬಚ್ಚಲೊಲೆಯ ಬೆಂಕಿ ಊದುತ್ತದೆ. ಅದರ ತಗಡಿನ ಪೆಟ್ಟಿಗೆಯನ್ನು ದನದ ಹಟ್ಟಿಯ ಮೂಲೆಯಲ್ಲಿಟ್ಟು ಬೈಹುಲ್ಲು ಹಾಸಿದ್ದೇನೆ. ಒಂದು ಹೇಂಟೆ ಒಂಬತ್ತು ಮೊಟ್ಟೆಗೆ ಕಾವು ಕೂತಿದೆ. ಇಷ್ಟು ಕೆಲಸಕ್ಕೆ ಬಂದ ಕಂಪ್ಯೂಟರು ಇಡೀ ಪಂಚಾಯತಿನಲ್ಲಿ ಇನ್ನೊಂದು ಇದ್ದರೆ ತೋರಿಸಿ!

"ಟ್ಯೂಷನ್ ಹಣದಲ್ಲಿ ನೀನು ಲ್ಯಾಪ್‌ಟಾಪ್ ತೆಗೆದುಕೊಂಡಿದ್ದೀ ಅಲ್ಲವಾ? ಅದು ಸಾಕು. ರೂಟರ್ ಮಂಗಳೂರಿನಿಂದ ತರಿಸುತ್ತೇನೆ. ಅಪ್ಪನ ಮೇಲೆ ಭರವಸೆ ಇಡು."

ಪಾಪ, ಇಟ್ಟಳು!

ಮಂಗಳೂರಿನಿಂದ ಹೊರಟ ರೂಟರು ಬಸ್ ಕಂಡಕ್ಟರನ ಕೈಯಲ್ಲಿ ಪೈವಳಿಕೆಗೆ ಬಂದಿಳಿದದ್ದು ಅರ್ಜಿಯ ಕೊನೆಯ ದಿನದ ಹಿಂದಿನ ಸಂಜೆ. "ಚಿಂತೆ ಇಲ್ಲ, ಬೆಳಿಗ್ಗೆ ಹತ್ತು ನಿಮಿಷದ ಕೆಲಸ" ಎಂದು ಊಟಕ್ಕೆ ಕೂತೆ. ಟಿವಿಯಲ್ಲಿ ವಾರ್ತೆ ಬಂತು: ನಾಳೆ ಹರತಾಳ! ಬೆಳಿಗ್ಗೆ ಆರರಿಂದ ಸಂಜೆ ಆರರ ತನಕ! ಬಸ್ಸಿಲ್ಲ, ರಿಕ್ಷಾ ಇಲ್ಲ, ಅಕ್ಷಯವೂ ಇಲ್ಲ, ಆರರ ಮೇಲೆ ಅದರ ಬಾಗಿಲು ತೆರೆಯುವವರೂ ಇಲ್ಲ. ದೀಕ್ಷಿತಾಳ ಕೈಯ ತುತ್ತು ಬಾಯಿಗೆ ಹೋಗದೆ ಅಲ್ಲೇ ನಿಂತಿತು.

ಮರುದಿನ ಒಂಬತ್ತು ಗಂಟೆಗೆ ನನ್ನ ಕಾರ್ಯಾರಂಭ.

ಟಿವಿಯ ಕೆಳಗೆ ಕೇಬಲಿನವರ ಮೋಡೆಮು. ಅದರ ನಾಲ್ಕು ಹಸಿರು ದೀಪಗಳು ಎರಡು ವರ್ಷದಿಂದ ಒಮ್ಮೆಯೂ ಆರಿದ್ದಿಲ್ಲ! ಯಾಕೆಂದರೆ ಅದಕ್ಕೆ ನನ್ನ ಸ್ವಂತ ಇನ್ವರ್ಟರಿನ ಸಂಪರ್ಕ. ಹಳೆಯ ಜೀಪಿನ ಬ್ಯಾಟರಿ, ನನ್ನದೇ ವಯರಿಂಗು. ಲೈನಿನ ಕರೆಂಟು ಹೋದರೂ, ಗೋಡೆಯ ಸ್ವಿಚ್ಚು ಆಫ್ ಮಾಡಿದರೂ, ಸಿಡಿಲು ಬಡಿದರೂ ಆ ದೀಪ ಉರಿಯಲೇಬೇಕು. ಇನ್ವರ್ಟರಿನ ಖಾಲಿ ಪ್ಲಗ್ ಪಾಯಿಂಟಿಗೆ ಕೆಂಪು ಬಣ್ಣ ಬಳಿದು, 'ಇಲ್ಲಿ ಬೇರೆ ಏನನ್ನೂ ಚುಚ್ಚಬಾರದು' ಎಂದು ಮೇಲೆ ಶಾಸನವನ್ನೂ ಬರೆಸಿದ್ದೇನೆ.

ರೂಟರಿಗೂ ಇನ್ವರ್ಟರಿನದ್ದೇ ಕರೆಂಟು ಎಳೆದು, ಮೋಡೆಮಿನಿಂದ ಅದಕ್ಕೆ ವಯರು ಚುಚ್ಚಿದೆ. ಮೋಡೆಮಿನಲ್ಲಿ ನಾಲ್ಕು ದೀಪ, ರೂಟರಿನಲ್ಲಿ ಮೂರು ದೀಪ. ಆದರೆ ನೆಟ್ ಬಂದರೆ ಉರಿಯಬೇಕಾದ ರೂಟರಿನ ನಾಲ್ಕನೆಯ ದೀಪ ಮಾತ್ರ ಸತ್ತ ಮೀನಿನ ಕಣ್ಣಿನ ಹಾಗೆ ನನ್ನನ್ನೇ ನೋಡುತ್ತಿತ್ತು!

ನಾನು ಹೆದರಲಿಲ್ಲ. ಕೇಬಲೆಂದರೆ ಸುರಂಗ. ಮೋಡೆಮೆಂದರೆ ಸುರಂಗದ ಬಾಯಿಯ ಟಾಂಕಿ. ರೂಟರೆಂದರೆ ಅಂಗಳದ ಟಾಂಕಿ. ನಾನು ರೂಟರನ್ನು ಕಪಾಟಿನ ಮೇಲೆ ಇಟ್ಟಿದ್ದೆ, ಮೋಡೆಮು ಕೆಳಗೆ. ನೀರು ಮೇಲಕ್ಕೆ ಹತ್ತುವುದುಂಟೆ? ಮೋಡೆಮನ್ನು ಕಪಾಟಿಗೆ ಏರಿಸಿ ರೂಟರನ್ನು ನೆಲಕ್ಕೆ ಇಳಿಸಿದೆ.

ಬರಲಿಲ್ಲ!

ಹಾಗಾದರೆ ಪೈಪಿನಲ್ಲಿ ಗಾಳಿ ಹಿಡಿದಿರಬೇಕು. ವಯರನ್ನು ಬಿಡಿಸಿ, ನೇರ ಮಾಡಿ, ಕೊಡವಿ, ಒಂದು ತುದಿಗೆ ಬಾಯಿಯಿಟ್ಟು ಊದಿದೆ. ನನ್ನ ಹೆಂಡತಿ ಪ್ರೇಮಾವತಿ ಅಡುಗೆಮನೆಯಿಂದ ಇಣುಕಿದಳು.

"ಎಂತದ್ದು ಅದು ಊದುವುದು? ಶಂಖವಾ?"

"ಗಾಳಿ ತೆಗೆಯುವುದು."

"ಯಾರ ತಲೆಯದ್ದು?"

ದೀಕ್ಷಿತಾ, "ಅಪ್ಪ, ರೂಟರ್ ಬಿಡಿ, ಲ್ಯಾಪ್‌ಟಾಪಿಗೇ ನೇರ ಚುಚ್ಚಿ ನೋಡುವ" ಎಂದಳು. ಚುಚ್ಚಿದಳು. ಅದಕ್ಕೂ ಬರಲಿಲ್ಲ! ವಯರನ್ನು ಪುನಃ ರೂಟರಿಗೇ ಸಿಕ್ಕಿಸಿ, "ನಾನು ಕೇಬಲಿನ ಹರಿನಾರಾಯಣರಿಗೆ ಫೋನ್ ಮಾಡ್ತೇನೆ" ಎಂದು ಅಂಗಳದ ತೆಂಗಿನ ಕಟ್ಟೆ ಹತ್ತಿದಳು. ನಮ್ಮಲ್ಲಿ ಮೊಬೈಲಿಗೆ ರೇಂಜು ಸಿಗುವುದು ಆ ಕಟ್ಟೆಯ ಮೇಲೆ ಮಾತ್ರ, ಅದೂ ಬರೇ ಮಾತಾಡುವಷ್ಟು. ನಾನೂ ಹತ್ತಿ ಫೋನು ಕಿತ್ತುಕೊಂಡೆ.

ಹರಿನಾರಾಯಣರು ನಮ್ಮ ಕೇಬಲು ನಡೆಸುವವರು. ಆ ಮೋಡೆಮು ಕೂರಿಸಿದವರೂ ಅವರೇ. ಎಲ್ಲ ಕೇಳಿ, "ಹೊನ್ನಯ್ಯಣ್ಣ, ಮೋಡೆಮಿನ ಸ್ವಿಚ್ ಆಫ್ ಮಾಡಿ, ಹತ್ತು ನಿಮಿಷ ಬಿಟ್ಟು ಹಾಕಿ. ಅಲ್ಲದಿದ್ದರೆ ಒಳದಾರಿಯಾಗಿ ಬೈಕಿನಲ್ಲಿ ನಾನೇ ಬರಲಾ?" ಎಂದರು.

"ನೀವಾ? ಹರತಾಳದ ದಿನ ಕಲ್ಲು ತಿನ್ನಲಿಕ್ಕಾ? ಬೇಡ, ಬೇಡ! ನಾನಿದ್ದೇನೆ. ಇಲ್ಲಿ ಹೊರಗಿನವರ ಸಹಾಯ ಬೇಕಾದದ್ದು ಎಂತದ್ದೂ ಇಲ್ಲ."

ಫೋನಿಟ್ಟೆ. ಮಗಳು ಬಾಯಿ ತೆರೆದು ನಿಂತಿದ್ದಳು. "ಅಪ್ಪ! ಅವರು ಬರ್ತೇನೆ ಅಂದರು!"

ಒಳಗೆ ಹೋಗಿ ಗೋಡೆಯ ಸ್ವಿಚ್ಚನ್ನು ಟಕ್ಕೆಂದು ಆಫ್ ಮಾಡಿ, ಗಡಿಯಾರ ನೋಡಿಕೊಂಡು ಮೋಡೆಮಿನ ಎದುರು ಪದ್ಮಾಸನ ಹಾಕಿದೆ. ಸ್ವಿಚ್ಚು ಆಫ್! ಆದರೂ ನಾಲ್ಕು ಹಸಿರು ದೀಪಗಳು ನಂದಾದೀಪದ ಹಾಗೆ ಉರಿಯುತ್ತಲೇ ಇದ್ದವು. ನನ್ನ ಇನ್ವರ್ಟರಿನ ಮಹಿಮೆಗೆ ನನಗೇ ಕಣ್ಣು ತುಂಬಿತು.

"ಅಪ್ಪ, ಲೈಟು ಉರಿಯುತ್ತಾ ಉಂಟಲ್ಲ?"

"ಉರಿಯದೆ? ವಯರಿಂಗ್ ಯಾರದ್ದು?"

"ಅಲ್ಲ, ಆಫ್ ಮಾಡಬೇಕು ಅಂದರಲ್ಲ..."

"ಸ್ವಿಚ್ ಆಫ್ ಮಾಡಲು ಹೇಳಿದರು. ಮಾಡಿದೆ. ದೀಪ ಆರಿಸಲು ಹೇಳಿದರಾ? ದೀಪ ಉರಿಯುತ್ತಿದ್ದರೆ ಎಲ್ಲ ಕ್ಷೇಮ. ಬಟ್ಯಜ್ಜ ಹೇಳಿದ್ದು ಸುಳ್ಳಾ?"

ಬಟ್ಯಜ್ಜನ ಹೆಸರು ತೆಗೆದರೆ ನಮ್ಮಲ್ಲಿ ಯಾರೂ ಎದುರು ಮಾತಾಡುವುದಿಲ್ಲ. ಅದನ್ನು ನಾನು ಜೀವಮಾನವಿಡೀ ಬಳಸಿಕೊಂಡು ಬಂದಿದ್ದೇನೆ.

ಹತ್ತು ನಿಮಿಷ ಕಳೆದು ಸ್ವಿಚ್ಚು ಹಾಕಿದೆ. ಇಲ್ಲ! ಇಪ್ಪತ್ತು ನಿಮಿಷ ಬಿಟ್ಟು ಹಾಕಿದೆ. ಇಲ್ಲ! ರೂಟರಿನ ತೂತಿಗೆ ಸೂಜಿಪಿನ್ನು ಚುಚ್ಚಿದೆ, ತಲೆಕೆಳಗೆ ಮಾಡಿದೆ, ಬಿಸಿಲಿಗೆ ಇಟ್ಟೆ. ಗಂಟೆ ಹನ್ನೆರಡಾಯಿತು. ಅಷ್ಟರಲ್ಲಿ ಲೈನಿನ ಕರೆಂಟೂ ಹೋಯಿತು! ಇಡೀ ಮನೆಯ ಸ್ವಿಚ್ಚುಗಳು ಸತ್ತವು. ಇನ್ವರ್ಟರಿನ ಕೃಪೆಯಿಂದ ಮೋಡೆಮು, ರೂಟರು ಮಾತ್ರ ನಗುತ್ತಾ ಕೂತಿದ್ದವು.

ದೀಕ್ಷಿತಾ ಅಳಲಿಲ್ಲ. ಅತ್ತಿದ್ದರೆ ಗದರಿಸಿ ಹೇಗಾದರೂ ಸುಧಾರಿಸುತ್ತಿದ್ದೆ. ಅವಳು ಅರ್ಜಿಗೆಂದು ಉಪ್ಪಳದಲ್ಲಿ ಹೊಸ ಸೀರೆ ಉಟ್ಟು ತೆಗೆಸಿದ ಫೋಟೋವನ್ನು ಒಮ್ಮೆ ನೋಡಿ, ಪುಸ್ತಕದ ಒಳಗಿಟ್ಟು, ಪುಸ್ತಕ ಮುಚ್ಚಿದಳು.

"ಇರಲಿ ಅಪ್ಪ. ಮುಂದಿನ ಸಲ ಕರೆದಾಗ ನೋಡುವ" ಎಂದಳು.

ನನ್ನ ಎದೆಯಲ್ಲಿ ಪಿಕ್ಕಾಸು ಬಿದ್ದ ಹಾಗಾಯಿತು. ನಾಲ್ಕು ತಲೆಮಾರಿನಲ್ಲಿ ಮೊದಲ ಸಲ ಒಬ್ಬ ಕೊರೆದ ಸುರಂಗಕ್ಕೆ ನೀರಿಲ್ಲ! ಹರಿನಾರಾಯಣರನ್ನು ಕರೆಯಲೇಬೇಕೆಂದು ಎದ್ದೆ. ಮೀಸೆ ಬೇಡವೆಂದಿತು. ಮೀಸೆಯನ್ನು ಒಂದು ಕೈಯಲ್ಲಿ ಮುಚ್ಚಿಕೊಂಡು ಮತ್ತೊಂದು ಕೈಯಲ್ಲಿ ಫೋನು ಎತ್ತಿಕೊಂಡಿದ್ದೆ, ಅಷ್ಟೇ.

ಅಡುಗೆಮನೆಯಲ್ಲಿ 'ಗುರ್ರ್ರ್' ಎಂದಿತು. ಹಿಂದೆಯೇ 'ಟಪ್' ಎಂದಿತು. ಸುಟ್ಟ ವಾಸನೆ. ನೋಡುತ್ತೇನೆ, ಮೋಡೆಮಿನ ನಾಲ್ಕೂ ದೀಪ ಆರಿ ಹೋಗಿವೆ!

ಹೇಳಿದರೆ ನಗುತ್ತೀರಿ, ನಗಿ. ನಾನು ಫೋನು ಎಸೆದು ಅಂಗಳಕ್ಕೆ ಓಡಿದೆ! ನಾನಲ್ಲ, ಕಾಲುಗಳು ಓಡಿದವು. ನಾಲ್ಕು ತಲೆಮಾರಿನ ಕಾಲುಗಳು! ತೆಂಗಿನ ಕಟ್ಟೆಯ ಹತ್ತಿರ ನಿಂತು ಏದುಸಿರು ಬಿಡುವಾಗ ನೆನಪಾಯಿತು, ಇದು ಸುರಂಗವಲ್ಲ, ನನ್ನದೇ ಚಾವಡಿ.

ಅಡುಗೆಮನೆಗೆ ನುಗ್ಗಿದೆ. ಪ್ರೇಮಾವತಿ ಮಿಕ್ಸಿಯ ಮುಚ್ಚಳ ಹಿಡಿದು ನಿಂತಿದ್ದಾಳೆ. ಅಲ್ಲಿಂದ ಹೊರಟ ಉದ್ದದ ವಯರು ಚಾವಡಿ ದಾಟಿ ನೇರ ನನ್ನ ಕೆಂಪು ಪಾಯಿಂಟಿಗೆ!

"ಎಂತ ಮಾಡಿದ್ದು ನೀನು ಮಾರಾಯ್ತಿ!"

"ಒಣಸಿಗಡಿ ಚಟ್ನಿ. ಹರತಾಳಕ್ಕೆ ಹಸಿ ಮೀನು ಬರುತ್ತದಾ?"

"ಅಲ್ಲಿ ಬರೆದದ್ದು ಓದಲಿಕ್ಕೆ ಬರುದಿಲ್ಲವಾ?"

"ಬರುತ್ತದೆ. ನೆಟ್ಟೂ ಇಲ್ಲ, ಕರೆಂಟೂ ಇಲ್ಲ, ಚಟ್ನಿಯೂ ಇಲ್ಲದಿದ್ದರೆ ಮಧ್ಯಾಹ್ನ ಉಣ್ಣುವುದು ಎಂತ? ನಿಮ್ಮ ಬೋರ್ಡನ್ನಾ?"

ಜೀಪಿನ ಬ್ಯಾಟರಿ ಹೊರಲಾರದ ಭಾರ ಹೊತ್ತು ಫ್ಯೂಸು ಸುಟ್ಟುಕೊಂಡಿತ್ತು. ಬಯ್ಯುತ್ತಾ, ಬೆವರುತ್ತಾ ಇನ್ವರ್ಟರು ಬಿಚ್ಚಿದೆ. ಅರ್ಧದಲ್ಲಿ ಅದು ಕೊಟ್ಟ ಒಂದು ಶಾಕಿಗೆ ಲುಂಗಿಯ ಗಂಟು ಸಡಿಲವಾಯಿತು. "ಮುಟ್ಟಿದರೆ ಹೊಡೆಯುತ್ತದೆ ಅಂತ ಅದಕ್ಕೂ ಒಂದು ಬೋರ್ಡು ಬರೆಸಿ" ಎಂದು ಅಡುಗೆಮನೆಯಿಂದ ಸಲಹೆ ಬಂತು. ತಾಮ್ರದ ಎಳೆ ಸುತ್ತಿ ಫ್ಯೂಸು ಕಟ್ಟಿ ಎದ್ದಾಗ ಅರ್ಧ ಗಂಟೆ ಕಳೆದಿತ್ತು.

ಮೋಡೆಮಿನ ದೀಪಗಳು ಒಂದೊಂದಾಗಿ ಹೊತ್ತಿಕೊಂಡವು. ಒಂದು. ಎರಡು. ಮೂರು. ನಾಲ್ಕು. ಆಮೇಲೆ ರೂಟರಿನದ್ದು. ಒಂದು, ಎರಡು, ಮೂರು... ಮತ್ತು ಆ ಸತ್ತ ಮೀನಿನ ಕಣ್ಣು ಪಿಳಿಪಿಳಿ ಎಂದಿತು!

"ಅಪ್ಪ! ಬಂತು! ಬಂತು!" ದೀಕ್ಷಿತಾಳ ಕೂಗಿಗೆ ಹಟ್ಟಿಯ ಹಸು ಕೂಡ ಎದ್ದು ನಿಂತಿತು. ಪುಸ್ತಕ ತೆರೆಯಿತು, ಫೋಟೋ ಹೊರಗೆ ಬಂತು. ಅವಳು ಬರೆಯುವಾಗ ನಾನು ಉಸಿರು ಬಿಡಲಿಲ್ಲ. ಎಲ್ಲಿಯಾದರೂ ಗಾಳಿ ತಾಗಿ ನೆಟ್ ಆರಿದರೆ? ಎರಡೂ ಹತ್ತಕ್ಕೆ ಅರ್ಜಿ ಹೋಗಿ ಮುಟ್ಟಿತು. ನಂಬ್ರವೂ ಬಂತು. ಅವಳು ಅಮ್ಮನನ್ನು ಅಪ್ಪಿಕೊಂಡಳು. ನನ್ನನ್ನಲ್ಲ, ಅಮ್ಮನನ್ನು!

ನಾನು ಬಿಡುತ್ತೇನೆಯೆ? ಮೀಸೆ ಸರಿಪಡಿಸಿಕೊಂಡು ಕಟ್ಟೆ ಹತ್ತಿ ಹರಿನಾರಾಯಣರಿಗೆ ಫೋನು ಹಚ್ಚಿದೆ. "ಸರಿ ಮಾಡಿದೆ ನೋಡಿ!"

"ಹೌದಾ? ಹೇಗೆ?"

ಇನ್ವರ್ಟರು ಸುಟ್ಟದ್ದು, ಅರ್ಧ ಗಂಟೆ ದೀಪ ಆರಿದ್ದು, ಎಲ್ಲ ಹೇಳಿದೆ. ಅವರು ಆ ಕಡೆ ಹಣೆ ಬಡಿದುಕೊಂಡದ್ದು ಈ ಕಡೆ ಕೇಳಿಸಿತು.

"ಹೊನ್ನಯ್ಯಣ್ಣ, ನಾನು ಹೇಳಿದ್ದೂ ಅದನ್ನೇ ಅಲ್ಲವಾ! ಆ ಮೋಡೆಮು ಮೊದಲು ಕಂಡ ಕಂಪ್ಯೂಟರನ್ನು ಮಾತ್ರ ಗುರುತು ಇಟ್ಟುಕೊಳ್ಳುವುದು. ಬೇರೆ ಯಾರು ಬಂದರೂ ನೆಟ್ ಕೊಡುವುದಿಲ್ಲ. ದೀಪ ಪೂರಾ ಆರಿದರೆ ಮಾತ್ರ ಹಳೆಯದನ್ನು ಮರೆಯುವುದು. ನೀವು ಎರಡು ವರ್ಷ ಅದನ್ನು ಮರೆಯಲಿಕ್ಕೇ ಬಿಡಲಿಲ್ಲ! ಆ ಮೊದಲಿನ ಕಂಪ್ಯೂಟರ್ ಈಗ ಎಲ್ಲುಂಟು?"

"ಬಿಚ್ಚಿ ಒಂದು ತಿಂಗಳಾಯಿತು. ಹಟ್ಟಿಯಲ್ಲಿ."

"ಹಟ್ಟಿಯಲ್ಲಾ?"

"ಅದರ ಒಳಗೆ ಹೇಂಟೆ ಕಾವು ಕೂತಿದೆ."

ಆ ಕಡೆಯಿಂದ ಒಂದು ಕೆಮ್ಮು ಬಂತು.

"ಹಾಗಾದರೆ ಒಂದು ತಿಂಗಳಿಂದ ನಿಮ್ಮ ಮೋಡೆಮು ಆ ಹೇಂಟೆಯನ್ನು ಕಾಯುತ್ತಾ ಕೂತದ್ದು!"

ನನಗೆ ಇನ್ವರ್ಟರು ಕೊಟ್ಟದ್ದಕ್ಕಿಂತ ದೊಡ್ಡ ಶಾಕು ಅದು. ಬಟ್ಯಜ್ಜನಿಂದ ನನ್ನ ತನಕ ಯಾವ ದೀಪ ಆರಬಾರದೆಂದು ಜೀವ ಹಿಡಿದು ಕಾದೆವೋ, ಆ ದೀಪ ಆರಿದ್ದರಿಂದಲೇ ನೀರು ಬಂತು! ಆರಿಸಿದವಳು ಅರೆಬರೆ ಅರೆದ ಚಟ್ನಿಯನ್ನು ಒಳಕಲ್ಲಿನಲ್ಲಿ ಮುಗಿಸಿ, ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ಊಟಕ್ಕೆ ಬನ್ನಿ" ಎಂದಳು. ಅಷ್ಟೇ. ಅದಕ್ಕಿಂತ ಒಂದು ಮಾತು ಹೆಚ್ಚು ಆಡಿದ್ದರೂ ನಾನು ತಡೆದುಕೊಳ್ಳುತ್ತಿದ್ದೆ.

ಹರಿನಾರಾಯಣರು ನಗು ನುಂಗಿಕೊಂಡು, "ಯಾವುದಕ್ಕೂ ನಾಳೆ ಬೆಳಿಗ್ಗೆ ಬಂದು ಒಮ್ಮೆ ನೋಡಿ ಹೋಗುತ್ತೇನೆ, ಆಗದಾ?" ಎಂದರು.

ನಾನು ಬಾಗಿಲಿನ ಕಡೆ ನೋಡಿದೆ. ಮೀಸೆಯನ್ನು ಕೆಳಕ್ಕೆ ತೀಡಿದೆ.

"ಬೇಡ ಹರಿನಾರಾಯಣರೇ, ನೀವು ಬರುವುದು ಬೇಡ. ಇನ್ನು ನೆಟ್ ನಿಂತರೆ ನಮ್ಮಲ್ಲಿ ಚಟ್ನಿ ಅರೆಯುತ್ತಾರೆ."