ಕೊನೆಯ ಪತ್ರ ನಮ್ಮದೇ ಇರಬೇಕು

ಸಾಲ ವಸೂಲಿಯವರು ಸಿಕ್ಕಸಿಕ್ಕವರಿಗೆಲ್ಲ ನೋಟಿಸು ಕಳಿಸುತ್ತಾರೆ, ಸರಿ. ಆದರೆ ಹೆಡ್ ಕ್ಲರ್ಕಾಗಿ ನಿವೃತ್ತರಾದವರಿಗೆ ಕಳಿಸುವ ಮುನ್ನ ಸ್ವಲ್ಪ ಯೋಚಿಸಬೇಡವೇ? ಸಾಹೇಬರಿಗೆ (ಬೀದಿಯವರೆಲ್ಲ ಹಾಗೇ ಕರೆಯುತ್ತಿದ್ದರು, ಹೆಂಡತಿಯೊಬ್ಬಳನ್ನು ಬಿಟ್ಟು) ಹಣ ಕೇಳಿದ್ದಕ್ಕಿಂತ ಆ ನೋಟಿಸಿನ ಒಕ್ಕಣೆ ಕಂಡೇ ಮೈಯೆಲ್ಲ ಉರಿಯಿತು.

ವಿಷಯ ಇಷ್ಟೆ. ಹಿಂದೊಮ್ಮೆ ಹೊಟ್ಟೆ ಕರಗಿಸುವ ಉತ್ಸಾಹದಲ್ಲಿ ಸಾಹೇಬರು ಕಂತಿನ ಮೇಲೆ ಒಂದು ಟ್ರೆಡ್‌ಮಿಲ್ ತಂದಿದ್ದರು. ಅರ್ಧದಷ್ಟು ಕಂತುಗಳನ್ನು ಕಟ್ಟುವಷ್ಟರಲ್ಲಿ ಅಂಗಡಿಯೇ ಬಾಗಿಲು ಮುಚ್ಚಿತು. (ಹೊಟ್ಟೆಗೆ ಏನೂ ಆಗಲಿಲ್ಲ.) ಅವರು ಕೇಳಲಿಲ್ಲ, ಇವರು ಕೊಡಲಿಲ್ಲ. ಈಗ ಯಾವುದೋ ವಸೂಲಿ ಕಂಪನಿ ಆ ಬಾಕಿಯನ್ನು ಕೊಂಡುಕೊಂಡು, ಬಡ್ಡಿಗೆ ಬಡ್ಡಿ ಸೇರಿಸಿ ಪಾವತಿಸಿ ಎನ್ನುತ್ತಿತ್ತು. ಹೆಂಡತಿ ಹೊಸ ಫ್ರಿಜ್ಜಿಗೆಂದು ಕೂಡಿಟ್ಟಿದ್ದ ಹಣವೆಲ್ಲ ಅದಕ್ಕೇ ಸರಿಹೋಗುವಂತಿತ್ತು. ಹಳೆಯ ಫ್ರಿಜ್ಜಿನ ಬಾಗಿಲನ್ನು ಆಕೆ ಹಗ್ಗ ಬಿಗಿದು ನಿಲ್ಲಿಸಿದ್ದಳು.

"ರೀ, ನನ್ನ ಫ್ರಿಜ್ಜಿನ ದುಡ್ಡು ಮುಟ್ಟಿದ್ರೆ ಸುಮ್ನಿರಲ್ಲ ನಾನು."

"ನಿನ್ನ ದುಡ್ಡು ಯಾರಿಗೆ ಬೇಕು? ನನ್ನ ಪೆನ್ನೆಲ್ಲಿ, ಅದನ್ನ ಹೇಳು."

ಪೆನ್ನು ಸಿಕ್ಕಿತು. ಸಾಹೇಬರು ಊಟದ ಮೇಜಿನ ಮುಂದೆ ಕುಳಿತು ಬರೆದರು: "ನನ್ನ ಸಹಿಯಿರುವ ಕರಾರುಪತ್ರ ಎಲ್ಲಿ? ಬಾಕಿಯ ಲೆಕ್ಕವೆಲ್ಲಿ? ದಾಖಲೆ ಒದಗಿಸುವವರೆಗೆ ಸದರಿ ಸಾಲವನ್ನು ನಾನು ಒಪ್ಪತಕ್ಕವನಲ್ಲ." 'ಸದರಿ' ಎಂದು ಬರೆಯುವಾಗ ನಿವೃತ್ತಿಯ ನಂತರ ಮೊದಲ ಸಲ ಅವರ ಬೆನ್ನು ನೆಟ್ಟಗಾಯಿತು. ಎದುರುಮನೆಯ ದರ್ಜಿಯನ್ನು ಕರೆದು ಓದಿ ಹೇಳಿದರು. "ಅರ್ಥ ಆಗ್ಲಿಲ್ಲ ಸಾಹೇಬ್ರೇ, ಆದ್ರೆ ಹೆದರಿಕೆ ಆಯ್ತು" ಎಂದ ದರ್ಜಿ. ಸಾಹೇಬರಿಗೆ ಅದಕ್ಕಿಂತ ದೊಡ್ಡ ಬಿರುದು ಬೇಕಿರಲಿಲ್ಲ.

ಕೆಲವು ವಾರಗಳಲ್ಲಿ ಉತ್ತರ ಬಂತು: "ದಾಖಲೆಗಳು ನಮ್ಮಲ್ಲಿ ಲಭ್ಯವಿಲ್ಲ. ಕಡತವನ್ನು ಮುಕ್ತಾಯಗೊಳಿಸಲಾಗಿದೆ."

ಹೆಂಡತಿಗೆ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ. "ನಮ್ಮನೆಯವ್ರು ಒಂದೇ ಒಂದು ಕಾಗದ ಬರೆದ್ರು ನೋಡಿ, ಅಷ್ಟು ದೊಡ್ಡ ಕಂಪನಿ ಬಾಲ ಮುದುರ್ಕೊಂಡು ಹೋಯ್ತು!" ಎಂದು ಬೀದಿಯಿಡೀ ಸಾರಿದಳು. ಅಂಗಡಿಗೆ ಹೋಗಿ ಫ್ರಿಜ್ಜಿನ ಬಣ್ಣವನ್ನೂ ಆರಿಸಿಟ್ಟು ಬಂದಳು. ಮದುವೆಯಾದಾಗಿನಿಂದ ಗಂಡನ ಬಗ್ಗೆ ಆಕೆಗೆ ಇಷ್ಟು ಹೆಮ್ಮೆಯಾಗಿರಲಿಲ್ಲ.

ಬಂದು ನೋಡಿದರೆ ಸಾಹೇಬರು ಮತ್ತೆ ಪೆನ್ನು ಹಿಡಿದು ಕೂತಿದ್ದರು.

"ಗೆದ್ದಾಯ್ತಲ್ರೀ, ಇನ್ನೇನು ಬರೀತೀರಿ?"

"ನನ್ನ ಸರ್ವೀಸಿನಲ್ಲೇ ಯಾವ ಫೈಲೂ ಎದುರಿನವರ ಪತ್ರದಿಂದ ಮುಗಿದಿಲ್ಲ ಕಣೇ. ಕೊನೆಯ ಪತ್ರ ನಮ್ಮದೇ ಇರಬೇಕು."

"ಹಾಗಾದ್ರೆ ಧನ್ಯವಾದ ಅಂತ ಬರೆದು ಕೈ ತೊಳ್ಕೊಳ್ಳಿ."

ಧನ್ಯವಾದದಿಂದಲೇ ಶುರು ಮಾಡಿದರು, ಪಾಪ. ಆದರೆ ಅಲ್ಲಿಂದ ಮುಂದೆ ಪೆನ್ನು ಬುದ್ಧಿವಾದದ ಕಡೆಗೆ ಹೊರಳಿತು. "ದಾಖಲೆ ಲಭ್ಯವಿಲ್ಲವೆಂದು ಬರೆಯಲು ತಮಗೆ ನಾಚಿಕೆಯಾಗಬೇಕು. ಕಡತವನ್ನು ಹೇಗೆ ಇಡಬೇಕೆಂಬುದಕ್ಕೆ ಮಾದರಿಯನ್ನು ಇದರೊಂದಿಗೆ ಲಗತ್ತಿಸಿದ್ದೇನೆ." ಲಗತ್ತಿಲ್ಲದ ಪತ್ರ ಸಾಹೇಬರ ಕೈಯಿಂದ ಎಂದೂ ಹೊರಟದ್ದಿಲ್ಲ. ಬೀರುವಿನಿಂದ ಟ್ರೆಡ್‌ಮಿಲ್ಲಿನ ಫೈಲು ತೆಗೆದರು. ತಮ್ಮ ಸಹಿಯಿದ್ದ ಕರಾರುಪತ್ರ, ಕಟ್ಟಿದ ಕಂತುಗಳ ರಸೀದಿ, ಕಟ್ಟದೆ ಉಳಿದ ಕಂತುಗಳ ಬಗ್ಗೆ ತಾವೇ ಮುದ್ದಾಗಿ ಬರೆದಿಟ್ಟ ಪಟ್ಟಿ, ಎಲ್ಲದರ ನಕಲು ತೆಗೆಸಿ, ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ ಬಂದರು.

ಉತ್ತರ ಈ ಸಲ ಬಹಳ ಬೇಗ ಬಂತು. ದರ್ಜಿಗೂ ಕೇಳಲೆಂದು ಸಾಹೇಬರು ಬಾಗಿಲಲ್ಲೇ ನಿಂತು ಗಟ್ಟಿಯಾಗಿ ಓದಿದರು: "ಮಾನ್ಯರೇ, ಇಷ್ಟು ಅಚ್ಚುಕಟ್ಟಾದ ಕಡತವನ್ನು ನಾವು ಈವರೆಗೆ ಕಂಡಿಲ್ಲ..." ಎದೆ ಉಬ್ಬಿತು. ಆಮೇಲೆ ದನಿ ತಗ್ಗಿತು. ಆಮೇಲೆ ನಿಂತೇ ಹೋಯಿತು.

ಹೆಂಡತಿ ಕಾಗದ ಕಿತ್ತುಕೊಂಡು ಮುಂದಿನದನ್ನು ಓದಿದಳು. "ತಮ್ಮ ಲಗತ್ತುಗಳ ಆಧಾರದ ಮೇಲೆ ಸದರಿ ಸಾಲದ ಕಡತವನ್ನು ಮರಳಿ ತೆರೆಯಲಾಗಿದೆ. ಬಾಕಿ ಕಂತುಗಳ ಪಟ್ಟಿಯನ್ನು ತಾವೇ ಮಾಡಿಕೊಟ್ಟು ನಮ್ಮ ಶ್ರಮ ಉಳಿಸಿದ್ದೀರಿ."

ಆಕೆ ಕೂಗಾಡಲಿಲ್ಲ. (ಸಾಹೇಬರಿಗೆ ಭಯವಾದದ್ದೇ ಆಗ.) ಗಂಡನ ಜೇಬಿನಿಂದ ಪೆನ್ನು ಎಳೆದುಕೊಂಡು ಬರೆದಳು: "ಹಣ ಕಳಿಸುತ್ತಿದ್ದೇವೆ. ದಯವಿಟ್ಟು ಇನ್ನು ಮುಂದೆ ಇವರಿಗೆ ಪತ್ರ ಬರೆಯಬೇಡಿ."

ಸಾಹೇಬರು ಹಿಂದಿನಿಂದ ಬಗ್ಗಿ ಓದಿದರು. ಹೆಮ್ಮೆ ಅಷ್ಟು ಸುಲಭಕ್ಕೆ ಬಿಡುತ್ತದೆಯೇ? "ಒಕ್ಕಣೆ ಪರವಾಗಿಲ್ಲ," ಎಂದರು. "ಆದ್ರೆ ಲಗತ್ತು ಏನೂ ಇಲ್ವಲ್ಲೇ?"

"ಇದೆ," ಎಂದು ಆಕೆ ಒಳಗೆ ಹೋಗಿ, ಫ್ರಿಜ್ಜಿನ ದುಡ್ಡು ತಂದು ಅವರ ಮುಂದೆ ಸುರಿದಳು.